ಕಟ್ಟಕಡೆಗೆ ನಡೆಯುವ ಶಂಕ್ರಪ್ಪ
ಶಲವಡಿಯಿಂದ ವರ್ಷಾವರ್ಷ ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ಗುಂಪಿನಲ್ಲಿ ಶಂಕ್ರಪ್ಪ ಯಾವತ್ತೂ ಕಟ್ಟಕಡೆಗೆ ನಡೆಯುವವನು. ಮುಂದಿನವರು ಅಲ್ಲಿಯ ದೇವರು ಮಲ್ಲಯ್ಯನನ್ನು ಕೂಗುತ್ತ ಹುರುಪಿನಿಂದ ಹೆಜ್ಜೆ ಹಾಕಿದರೆ ಇವನ ಬಾಯಲ್ಲಿ ಒಂದೇ ಮಾತು: "ಯಾರರ ಹಿಂದ ಉಳದಾರೇನ್ರಿ?" ಯಾರಾದರೂ ಚಪ್ಪಲಿಯೊಳಗಿನ ಹರಳು ಕೊಡವಲು ನಿಂತರೂ ಇವನೂ ಅಲ್ಲೇ ನಿಂತುಬಿಡುತ್ತಾನೆ, ಗಿಡದ ಮರೆಗೆ ಹೋದವರನ್ನಂತೂ ಹೆಸರು ಹಿಡಿದು ಕೂಗಿ ಕೂಗಿ ನಾಚಿಸಿಬಿಡುತ್ತಾನೆ. "ಕಾಕಾ, ನೀವು ದೇವರಿಗೆ ಬಂದೀರೋ, ದನಾ ಕಾಯಾಕ ಬಂದೀರೋ?" ಎಂದು ಗುಂಪಿನ ಹೆಣ್ಣುಮಕ್ಕಳು ನಕ್ಕರೂ ಅವನು ನಗುವುದಿಲ್ಲ. ಕಾಡಿನೊಳಗೆ ಭೀಮನಕೊಳ್ಳದ ಏರು ಬಂತೆಂದರೆ ಅವನು ಹೆಜ್ಜೆಹೆಜ್ಜೆಗೂ ಹಿಂದೆ ತಿರುಗಿ ನೋಡುತ್ತಾನೆ. ಅಲ್ಲಿಯೇ ಹಿಂದೊಮ್ಮೆ ಅವನ ಹೆಂಡತಿ ಸಾವಿತ್ರೆವ್ವ, "ನೀವು ಮುಂದ ನಡೀರಿ, ಬರ್ತೀನಿ" ಎಂದು ಕಲ್ಲಿನ ಮೇಲೆ ಕುಳಿತಳು. ದರ್ಶನದ ಆತುರದಲ್ಲಿ ಇವನು ನಡೆದುಬಿಟ್ಟ. ತಿರುಗಿ ಬಂದಾಗ ಅವಳು ಇರಲಿಲ್ಲ, ಮತ್ತೆ ಸಿಗಲೂ ಇಲ್ಲ. "ಮಲ್ಲಯ್ಯನ ಪಾದ ಸೇರಿದಳು, ಪುಣ್ಯವಂತಿ" ಎಂದು ಊರವರು ಸಮಾಧಾನ ಹೇಳಿದರು. ಅವನು ಮರುವರ್ಷದಿಂದ ಕಟ್ಟಕಡೆಗೆ ನಡೆಯತೊಡಗಿದ. ಈ ವರ್ಷ ಗರ್ಭಗುಡಿಯ ಎದುರು ನಿಂತಾಗ ಅವನು ದೇವರಿಗೆ ಬೆನ್ನು ಮಾಡಿ, ಹಿಂದಿನಿಂದ ಬರುವ ಜನರನ್ನೇ ನೋಡುತ್ತಿದ್ದ. "ಕಾಕಾ, ಮಲ್ಲಯ್ಯ ಇತ್ತಾಗ ಅದಾನಲ್ರಿ" ಎಂದು ನಾನು ಅವನ ಭುಜ ಹಿಡಿದೆ. "ಅಂವ ಎಲ್ಲಿ ಹೋಗ್ತಾನ?" ಎಂದ ಶಂಕ್ರಪ್ಪ, "ತಡಿ, ಇನ್ನೂ ಮಂದಿ ಬರಾಕತ್ತೈತಿ."