ಮೇಲಿನವರು ಕೆಳಗಿಳಿಯಬೇಕಾದಾಗ

ಎರಕದ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ 'ಮೇಲಿನವರು' ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಕಾರ್ಖಾನೆಯ ಸೂರಿಗೆ ತಾಗಿದಂತೆ, ಎದುರುಬದುರು ಗೋಡೆಗಳ ಮೇಲಿನ ಹಳಿಗಳ ಮೇಲೆ ಓಡಾಡುವ ದೊಡ್ಡ ಕ್ರೇನು. ಅದರ ತುದಿಗೆ ತೂಗುಬಿದ್ದ ಗಾಜಿನ ಗೂಡು. ಆ ಗೂಡಿನೊಳಗೆ ಅವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಹತ್ತಿ ಕುಳಿತವರು ಮೀಸೆ ನರೆತರೂ ಅಲ್ಲೇ ಇದ್ದರು. ಏನಾದರೂ ಭಾರ ಎತ್ತಿಸಬೇಕಾದಾಗ ಕೆಳಗಿನವರು, "ಮೇಲಿನವರ ದಯೆ ಇದ್ರೆ ಎಲ್ಲಾ ಆಗುತ್ತೆ ಬಿಡಿ" ಎಂದು ಸೂರಿನ ಕಡೆ ಕೈ ಮುಗಿಯುತ್ತಿದ್ದರು.

ದಯೆಯ ಮಾತು ಹಾಗಿರಲಿ, ಅವರ ಕೈ ಮಾತ್ರ ಬಹಳ ಪಳಗಿದ್ದು. ಕಬ್ಬಿಣ ಹೊಯ್ಯಲು ಮರಳು ಬಡಿದು ತುಂಬಿದ, ಆಳೆತ್ತರದ ಅಚ್ಚಿನ ಪೆಟ್ಟಿಗೆಯನ್ನು ಹೂವೆತ್ತಿದಂತೆ ಎತ್ತಿ, ಇನ್ನೊಂದು ಪೆಟ್ಟಿಗೆಯ ಮೇಲೆ, ಒಳಗಿನ ಮರಳು ಉದುರದಂತೆ ಕೂರಿಸುತ್ತಿದ್ದರು. ಸಂಜೆಯ ಹೊತ್ತಿಗೆ ಕುಲುಮೆಯಲ್ಲಿ ಕರಗಿದ ಕಬ್ಬಿಣವನ್ನು ದೊಡ್ಡ ಉಕ್ಕಿನ ತೊಟ್ಟಿಗೆ ತುಂಬಿಸಿ, ಅದನ್ನು ಕ್ರೇನಿನ ಕೊಕ್ಕೆಗೆ ಸಿಕ್ಕಿಸಿ, ಸಾಲಾಗಿ ಇಟ್ಟ ಅಚ್ಚುಗಳಿಗೆ ಒಂದೊಂದಾಗಿ ಹೊಯ್ಯುವುದು ಇತ್ತು. ಆಗ ಇಡೀ ಕಾರ್ಖಾನೆ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ತೊಟ್ಟಿ ಒಂದಿಷ್ಟೂ ತುಳುಕದೆ ಅಚ್ಚಿನಿಂದ ಅಚ್ಚಿಗೆ ಸಾಗುವುದನ್ನು ಮೇಲಿನಿಂದ ನೋಡುವಾಗ ಅವರಿಗೆ ತಮ್ಮ ಹೆಸರು ಸಾರ್ಥಕವೆನಿಸುತ್ತಿತ್ತು.

ಕೆಳಗೆ ನಿಂತು ಅವರಿಗೆ ಕೈಸನ್ನೆ ಕೊಡುವವನಿಗೆ ಮೌನಿ ಎಂದು ಅಡ್ಡಹೆಸರು. ಕೆಲಸದ ಹೊತ್ತಿನಲ್ಲಿ ಎತ್ತು, ಇಳಿಸು, ನಿಲ್ಲು, ಸರಿ ಎಂಬುದನ್ನೆಲ್ಲ ಕೈಯಲ್ಲೇ ಹೇಳುವ ಆ ಮನುಷ್ಯ, ಊಟದ ಬಿಡುವಿನಲ್ಲಿ ಬಾಕಿ ಉಳಿದ ಮಾತನ್ನೆಲ್ಲ ಬಡ್ಡಿ ಸಮೇತ ತೀರಿಸುತ್ತಿದ್ದ. ಆ ಗದ್ದಲದಲ್ಲಿ ಕೂಗಿದರೆ ಯಾರಿಗೂ ಕೇಳಿಸದು. ಆದ್ದರಿಂದ ಸನ್ನೆಯೇ ಭಾಷೆ. ಅದೂ ಕೆಳಗಿನಿಂದ ಮೇಲಕ್ಕೆ ಹೋಗುವ ಭಾಷೆ. ಮೌನಿಯ ಕೈ ಅಲುಗದೆ ಕೊಕ್ಕೆ ಅಲುಗಬಾರದು ಎಂಬುದು ಅಲ್ಲಿಯ ಕಟ್ಟಪ್ಪಣೆ. ಗೂಡಿನಲ್ಲೊಂದು ಹಾರ್ನ್ ಇತ್ತು, ಅದು ಕ್ರೇನು ಹೊರಟಿತು ಎಂದು ಎಚ್ಚರಿಸಲು ಮಾತ್ರ. ಮೇಲೆ ಕುಳಿತವರು ಕೆಳಕ್ಕೆ ಬೇರೆ ಏನಾದರೂ ಹೇಳಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಕಳೆದ ವರ್ಷದಿಂದ ಹೇಳಬೇಕಾದ ವಿಷಯವೊಂದು ಹುಟ್ಟಿಕೊಂಡಿತ್ತು. ಅವರ ಮೂತ್ರಕೋಶ ಮಾತು ಕೇಳುವುದನ್ನು ಬಿಟ್ಟಿತ್ತು. ಮೊದಲಾದರೆ ಬೆಳಿಗ್ಗೆ ಗೂಡು ಹತ್ತಿದವರು ಊಟಕ್ಕೆ ಇಳಿಯುವವರೆಗೆ ಅದರ ನೆನಪೇ ಇಲ್ಲದೆ ಇರುತ್ತಿದ್ದರು. ಈಗ ಬಂತೆಂದರೆ ಬಂತು. ಸ್ವಲ್ಪ ತಾಳು ಎಂದರೆ ತಾಳುವ ಜಾತಿಯದಲ್ಲ. ಇಳಿಯಲು ಗೋಡೆಗೆ ಹೊಡೆದ ಕಡಿದಾದ ಕಬ್ಬಿಣದ ಏಣಿ. ಇಳಿದ ಮೇಲೆ ಅಂಗಳ ದಾಟಿ ಹಿಂದಿನ ಗೋಡೆಯವರೆಗೆ ನಡೆದರೆ ಶೌಚಾಲಯ. ಅಷ್ಟು ದೂರ ಹೋಗಿ ಬರುವ ಹೊತ್ತಿಗೆ ಕೆಳಗೆ ಕೆಲಸವೆಲ್ಲ ನಿಂತು, ಹತ್ತು ಜನ ಸೊಂಟದ ಮೇಲೆ ಕೈಯಿಟ್ಟು ಸೂರು ನೋಡುತ್ತಿರುತ್ತಾರೆ.

ಅವರು ಕಂಡುಕೊಂಡ ಉಪಾಯವೆಂದರೆ ನೀರು ಕುಡಿಯುವುದನ್ನೇ ಬಿಡುವುದು. ಕುಲುಮೆಯ ಕಾವೆಲ್ಲ ಏರಿ ಬಂದು ಸೇರುವ ಆ ಗೂಡಿನಲ್ಲಿ ನಾಲಿಗೆ ಒಣಗಿಸಿಕೊಂಡು ಕುಳಿತಿರುತ್ತಿದ್ದರು. ಸಂಜೆ ಚೀಲ ಬಿಚ್ಚಿದ ಹೆಂಡತಿ ಬಾಟಲಿಯನ್ನು ಬೆಳಕಿಗೆ ಹಿಡಿದು, "ರೀ, ಇದು ಹೋದ ಹಾಗೇ ವಾಪಸ್ ಬಂದಿದೆಯಲ್ಲ. ಗಾಳಿಸವಾರಿಗೆ ಕರ್ಕೊಂಡು ಹೋಗಿದ್ರಾ?" ಎನ್ನುತ್ತಿದ್ದಳು.

ಕೊನೆಗೆ ಅವಳೇ ಎಳೆದುಕೊಂಡು ಹೋಗಿ ಡಾಕ್ಟರರ ಮುಂದೆ ಕೂರಿಸಿದಳು. ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಭಯಪಡುವಂಥದ್ದೇನಿಲ್ಲ ಎಂದರು. "ಮೂತ್ರಕೋಶ ಸ್ವಲ್ಪ ಅತಿ ಚುರುಕಾಗಿದೆ, ಅಷ್ಟೇ. ನೀವು ನೀರು ಕುಡಿಯೋದು ಬಿಟ್ಟಿದ್ದೇ ತಪ್ಪು. ಮೂತ್ರ ಗಟ್ಟಿಯಾಗಿ ಅದನ್ನ ಇನ್ನೂ ಕೆರಳಿಸುತ್ತೆ. ಟೀ ಕಡಿಮೆ ಮಾಡಿ, ನೀರು ಕುಡೀರಿ. ಬರಲಿ ಅಂತ ಕಾಯದೆ ಹೊತ್ತು ಹೊತ್ತಿಗೆ ಹೋಗಿ ಬನ್ನಿ. ಮಾತ್ರೆ ಬರ್ಕೊಡ್ತೀನಿ. ಕೆಲಸದ ಕಡೆ ಹೇಳಿದ್ದೀರಾ?"

"ಹೇಳ್ತೀನಿ" ಎಂದರು.

ಹೇಳಲಿಲ್ಲ. ಅವರಿಗಿಂತ ಮೊದಲು ಆ ಗೂಡಿನಲ್ಲಿದ್ದವರನ್ನು ಕಣ್ಣು ಮಂಜಾಯಿತೆಂದು ಇಳಿಸಿ, ಗೇಟಿನ ಬಳಿ ಸ್ಟೂಲು ಹಾಕಿ ಕೂರಿಸಿದ್ದರು. ಬಂದ ಲಾರಿಗಳಿಗೆ ಬಾಗಿಲು ತೆಗೆಯುತ್ತ, ಆಗಾಗ ತಲೆಯೆತ್ತಿ ಸೂರು ನೋಡುತ್ತಿದ್ದ ಆ ಹಿರಿಯರ ಮುಖ ಇವರ ಕಣ್ಣಿಗೆ ಕಟ್ಟಿದಂತಿತ್ತು. ಗೂಡು ಕೈಬಿಟ್ಟರೆ ತಾವು ಯಾರು ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಇನ್ನು, ಇಷ್ಟು ಜನರ ಮುಂದೆ ಜಲಬಾಧೆಯ ಮಾತೆತ್ತುವುದಾದರೂ ಹೇಗೆ? ಮಾತು ನಾಲಿಗೆಯ ತುದಿಯವರೆಗೆ ಬಂದು, ನಾಚಿ ಹಿಂದಿರುಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅಚ್ಚಿನ ಪೆಟ್ಟಿಗೆಯೊಂದು ಕೊಕ್ಕೆಯಲ್ಲಿ ತೂಗುತ್ತಿತ್ತು. ಅದನ್ನು ಕೂರಿಸಬೇಕಾದ ಜಾಗದಲ್ಲಿ ಇನ್ನೂ ಮರಳು ಸಮ ಮಾಡುತ್ತಿದ್ದರು. ಮೌನಿ ಅಂಗೈ ಎತ್ತಿ 'ನಿಲ್ಲು' ಎಂದು ತೋರಿಸಿ ಅತ್ತ ತಿರುಗಿದ್ದ. ಆಗಲೇ ಬಂತು. ಮೇಲಿನವರು ಹಲ್ಲು ಕಚ್ಚಿದರು, ಕಾಲಿನ ಮೇಲೆ ಕಾಲು ಹಾಕಿದರು. ಭಾರವನ್ನು ಗಾಳಿಯಲ್ಲಿ ತೂಗುಬಿಟ್ಟು ಗೂಡು ಬಿಡುವಂತಿಲ್ಲ. ಮೌನಿ ಈ ಕಡೆ ತಿರುಗುತ್ತಿಲ್ಲ. ಇನ್ನು ತಾಳಲಾರೆ ಎನಿಸಿದಾಗ, ಸನ್ನೆಗೂ ಕಾಯದೆ, ಪೆಟ್ಟಿಗೆಯನ್ನು ಸರಿಸಿ ನಡುದಾರಿಯಲ್ಲಿ ಇಳಿಸಿಬಿಟ್ಟರು. ಬೆನ್ನ ಹಿಂದೆ ಧೊಪ್ಪನೆ ಸದ್ದಾದಾಗ ಮೌನಿ ಹಾರಿಬಿದ್ದು ಪಕ್ಕಕ್ಕೆ ಸರಿದ. ಮೇಲಿನವರು ಏಣಿ ಇಳಿದು, ಯಾರ ಮುಖವನ್ನೂ ನೋಡದೆ ಅಂಗಳದ ಕಡೆ ಓಡಿದರು.

ತಿರುಗಿ ಬರುವಾಗ ಪೆಟ್ಟಿಗೆಯ ಸುತ್ತ ಜನ ಸೇರಿತ್ತು. ಮ್ಯಾನೇಜರಮ್ಮನೂ ಬಂದಿದ್ದರು. "ಏನಾಯ್ತು? ಸನ್ನೆ ಇಲ್ಲದೆ ಯಾಕೆ ಇಳಿಸಿದ್ರಿ?" ಎಂದು ಕೇಳಿದರು.

ಮೇಲಿನವರ ಬಾಯಿಂದ ಹೊರಟ ಮಾತು ಹೀಗಿತ್ತು: "ಮೇಡಂ, ಹಗ್ಗ ಜಾರಿದ ಹಾಗಾಯ್ತು."

ಕ್ರೇನಿನ ಉಕ್ಕಿನ ಹಗ್ಗದ ಬಗ್ಗೆ ಅನುಮಾನ ಬಂತೆಂದರೆ ಅಲ್ಲಿ ಎರಡನೆಯ ಮಾತಿಲ್ಲ. ಕ್ರೇನು ನಿಂತಿತು, ಆ ದಿನ ಕಬ್ಬಿಣ ಹೊಯ್ಯುವುದೂ ನಿಂತಿತು. ಹಗ್ಗವನ್ನು ಬೆಳಿಗ್ಗೆಯಷ್ಟೇ ನೋಡಿ ಸರಿಯಿದೆ ಎಂದಿದ್ದ ಫಿಟ್ಟರನನ್ನು ಕರೆಸಿದರು. ಅವನು ಮೇಲಿನವರನ್ನು ಬಾಯ್ತುಂಬ ಅಣ್ಣ ಎನ್ನುತ್ತಿದ್ದ ನಲವತ್ತರ ಆಸುಪಾಸಿನ ಮನುಷ್ಯ. ಹಗ್ಗವನ್ನು ರಾಟೆಯಿಂದ ಬಿಚ್ಚಿ, ಜಿಡ್ಡು ಒರೆಸುತ್ತ, ಗೇಣು ಗೇಣಾಗಿ ಬೆರಳಾಡಿಸಿ ನೋಡುತ್ತ ಸಂಜೆಯವರೆಗೆ ಕುಳಿತ. ಮೇಸ್ತ್ರಿ ಬಂದು, "ನೀನು ನೋಡಿದ್ದೀಯೋ, ನೋಡಿದ ಶಾಸ್ತ್ರ ಮಾಡಿದ್ದೀಯೋ?" ಎಂದು ಎಲ್ಲರೆದುರಿಗೆ ಚುಚ್ಚಿ ಹೋದರು. ಕಾರಣ ಸಿಗುವವರೆಗೆ ಕ್ರೇನು ಮುಟ್ಟುವುದು ಬೇಡ ಎಂದು ಮ್ಯಾನೇಜರಮ್ಮ ಅವನಿಗೆ ಹೇಳಿದರು.

ಮನೆಗೆ ಹೊರಟಾಗ ಫಿಟ್ಟರ್ ಗೇಟಿನ ಬಳಿ ಮೇಲಿನವರನ್ನು ತಡೆದು ನಿಲ್ಲಿಸಿದ. ಕೈಯೆಲ್ಲ ಕಪ್ಪು ಜಿಡ್ಡು.

"ಅಣ್ಣ, ಎಲ್ಲಿ ಜಾರಿದ್ದು ಅಂತ ಸ್ವಲ್ಪ ನೆನಪು ಮಾಡ್ಕೊಂಡು ಹೇಳಿ. ಎತ್ತುವಾಗಲೋ, ಇಳಿಸುವಾಗಲೋ? ನನ್ನ ಕಣ್ಣಿಗಂತೂ ಏನೂ ಬೀಳ್ತಿಲ್ಲ. ನೀವು ಹೇಳಿದ್ದೀರಿ ಅಂದ್ರೆ ಏನೋ ಇದ್ದೇ ಇರುತ್ತೆ."

ಅವರು ಚೀಲವನ್ನು ಹೆಗಲಿಗೇರಿಸಿದರು. "ನಾಳೆ ಹೇಳ್ತೀನಿ" ಎಂದು ಸರಸರನೆ ನಡೆದುಬಿಟ್ಟರು.

ಮನೆಯಲ್ಲಿ ತಟ್ಟೆಯಲ್ಲಿ ಕೈಯಿಟ್ಟು ತಿನ್ನದೆ ಕುಳಿತವರನ್ನು ಕಂಡು ಹೆಂಡತಿ ವಿಷಯವನ್ನೆಲ್ಲ ಹೊರಡಿಸಿದಳು. ಕೇಳಿ ಮುಗಿದ ಮೇಲೆ ಅವರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

"ಹೇಳಿದ್ರೆ ಇಳಿಸಿಬಿಡ್ತಾರೆ" ಎಂದರು ಇವರು.

"ಇಳಿಸಬಹುದು. ಆದ್ರೆ ನೀವು ಹೇಳದಿದ್ರೆ ಆ ಫಿಟ್ಟರನ್ನ ಇಳಿಸ್ತಾರಲ್ಲ, ಅದು? ಇಷ್ಟು ವರ್ಷ ಒಬ್ಬರ ತಲೆ ಮೇಲೂ ಭಾರ ಬೀಳಿಸಿದವರಲ್ಲ ನೀವು."

ಅವರು ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಊಟ ಮುಗಿಸಿದರು.

ಮರುದಿನ ಕೆಲಸ ಶುರುವಾಗುವ ಮೊದಲೇ ಮ್ಯಾನೇಜರಮ್ಮನ ಕೋಣೆಗೆ ಹೋದರು. ಮೇಸ್ತ್ರಿಯೂ ಅಲ್ಲೇ ಇದ್ದರು. ಮೇಲಿನವರು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. "ಹಗ್ಗ ಜಾರಲಿಲ್ಲ ಮೇಡಂ. ಫಿಟ್ಟರನದೇನೂ ತಪ್ಪಿಲ್ಲ. ನನಗೆ ಒಂದಕ್ಕೆ ಹೋಗಬೇಕಿತ್ತು. ತಡೆಯೋಕಾಗಲಿಲ್ಲ. ಸುಳ್ಳು ಹೇಳಿದೆ" ಎಂದರು. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದು ತಾನಾಗಿ ಬಂತು: ಕಾಯಿಲೆ, ಡಾಕ್ಟರಮ್ಮ, ಕುಡಿಯದ ನೀರು, ಎಲ್ಲ.

ಮ್ಯಾನೇಜರಮ್ಮ ನಗಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ. "ಮೌನಿ ಆ ಪೆಟ್ಟಿಗೆ ಕೆಳಗಿದ್ದಿದ್ರೆ?" ಎಂದಷ್ಟೇ ಕೇಳಿದರು. ಮೇಲಿನವರು ತಲೆ ತಗ್ಗಿಸಿದರು. "ಸನ್ನೆ ಇಲ್ಲದೆ ಇಳಿಸಿದ್ದಕ್ಕೂ, ಸುಳ್ಳು ಹೇಳಿದ್ದಕ್ಕೂ ಒಂದು ವಾರ ಕ್ರೇನು ಹತ್ತೋ ಹಾಗಿಲ್ಲ. ಅದು ಬೇರೆ. ಕಾಯಿಲೆ ಬೇರೆ. ಅದಕ್ಕೆ ಶಿಕ್ಷೆ ಇಲ್ಲ."

ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, "ಇವರನ್ನ ಕೆಳಗೆ ಎಲ್ಲಾದ್ರೂ ಕೂರಿಸಿಬಿಡೋದು ವಾಸಿ ಮೇಡಂ. ಗೇಟಿನ ಹತ್ರ..." ಎಂದರು.

ಮೌನಿಯನ್ನು ಕರೆಸಲಾಯಿತು. ವಿಷಯ ಕೇಳಿದವನೇ ಮೇಲಿನವರ ಕಡೆ ತಿರುಗಿದ. "ಅಲ್ಲಪ್ಪಾ, ನಾನು ಸಾಯೋ ಹಾಗೆ ಬೆಚ್ಚಿಬಿದ್ದೆ. ಇಷ್ಟೇನಾ? ಮೊದಲೇ ಹೇಳಬಾರದಿತ್ತಾ?"

"ಹೇಗೆ ಹೇಳಲಿ? ನೀನು ನನಗೆ ಸನ್ನೆ ಮಾಡ್ತೀಯ. ನಾನು ನಿನಗೆ ಮಾಡೋ ಸನ್ನೆ ಯಾವುದಿದೆ?"

ಮೌನಿ ತನ್ನ ಕೈಗಳನ್ನೇ ಒಮ್ಮೆ ನೋಡಿಕೊಂಡ. ಬಳಿಕ ಮೆಲ್ಲಗೆ, "ಶಾಲೆಯಲ್ಲಿ ಮೇಷ್ಟ್ರಿಗೆ ಕಿರುಬೆರಳು ತೋರಿಸ್ತಿರಲಿಲ್ವಾ? ಅದನ್ನೇ ತೋರಿಸು. ಹಾರ್ನ್ ಒತ್ತಿ ತೋರಿಸು, ನಾನು ತಿರುಗಿ ನೋಡ್ತೀನಿ. ಭಾರ ಎಲ್ಲಿ ಇಳಿಸಬೇಕು ಅಂತ ನಾನೇ ಜಾಗ ಮಾಡ್ಕೊಡ್ತೀನಿ" ಎಂದ. ಮೇಸ್ತ್ರಿ ನಕ್ಕರು. ಮ್ಯಾನೇಜರಮ್ಮ ನಗದೆ, "ಹಾಗೇ ಆಗಲಿ" ಎಂದರು.

ಡಾಕ್ಟರಮ್ಮನೊಡನೆ ಮಾತಾಡಿದ ಮೇಲೆ ಉಳಿದ ಏರ್ಪಾಡುಗಳೂ ಆದವು. ಏಣಿಯ ಬುಡದಲ್ಲೇ, ಅತಿಥಿಗಳಿಗೆಂದು ಬೀಗ ಜಡಿದಿದ್ದ ಶೌಚಾಲಯವೊಂದಿತ್ತು. ಅತಿಥಿಗಳು ಬಂದದ್ದನ್ನು ಕಂಡವರಿಲ್ಲ. ಅದರ ಬೀಗ ತೆಗೆಸಿದರು. ಎರಡು ಭಾರಗಳ ನಡುವಿನ ಬಿಡುವಿನಲ್ಲಿ ಕ್ರೇನನ್ನು ಏಣಿಯ ಕಡೆಗೇ ತಂದು ನಿಲ್ಲಿಸುವುದು, ಹೊತ್ತಿಗೆ ಸರಿಯಾಗಿ ಇವರು ಇಳಿದು ಬರುವುದು ಎಂದಾಯಿತು.

"ಒಂದು ವಿಷಯ ಮಾತ್ರ ಇದೆ" ಎಂದರು ಮ್ಯಾನೇಜರಮ್ಮ. "ಕಾದ ಕಬ್ಬಿಣ ಹೊಯ್ಯುವಾಗ ನಡುವೆ ಇಳಿಯೋಕಾಗಲ್ಲ. ತೊಟ್ಟಿ ಖಾಲಿಯಾಗೋವರೆಗೆ ಕೂತಿರಲೇಬೇಕು. ಆ ಒಂದು ಕೆಲಸಕ್ಕೆ ಗೋದಾಮಿನ ಕ್ರೇನು ನಡೆಸೋ ಅಕ್ಕನ್ನ ಹತ್ತಿಸ್ತೀನಿ. ನಿಮ್ಮ ಮಾತ್ರೆ ಕೆಲಸ ಮಾಡಿ, ಇನ್ನು ತಡೀಬಲ್ಲೆ ಅಂತ ನಿಮಗೆ ಧೈರ್ಯ ಬಂದ ದಿನ ಮತ್ತೆ ಮಾತಾಡೋಣ. ಮಿಕ್ಕಿದ್ದೆಲ್ಲ ನಿಮ್ಮದೇ. ಒಪ್ಪಿಗೆನಾ?"

ಬಿಟ್ಟುಕೊಡಬೇಕಾಗಿ ಬಂದದ್ದು ಅವರಿಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸವೇ. ಆದರೂ ಗೂಡು ಉಳಿದಿತ್ತು. "ಒಪ್ಪಿಗೆ ಮೇಡಂ" ಎಂದರು.

ವಾರ ಕಳೆದು ಮೊದಲ ದಿನ ಅವರು ಹಾರ್ನ್ ಒತ್ತಿ ಕಿರುಬೆರಳು ತೋರಿಸಿದಾಗ ಕೆಳಗೆ ಯಾರೋ ಸಿಳ್ಳೆ ಹಾಕಿದರು. "ಮೇಲಿನವರ ಅವತಾರ ಆಗ್ತಿದೆ, ದಾರಿ ಬಿಡ್ರಪ್ಪಾ" ಎಂದು ಇನ್ನೊಬ್ಬ ಕೂಗಿದ. ಅವರ ಕಿವಿ ಕೆಂಪಾಯಿತು. ಎರಡು ಮೂರು ದಿನಗಳಲ್ಲಿ ಆ ತಮಾಷೆ ಹಳಸಿತು. ಕೆಲಸ ಹೆಚ್ಚಿದಾಗ ಯಾರಿಗೆ ಯಾರ ಕಿರುಬೆರಳಿನ ಚಿಂತೆ? ಆಮೇಲೊಂದು ಮಧ್ಯಾಹ್ನ ಕುಲುಮೆಯ ಮುಂದೆ ನಿಲ್ಲುವ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಇವರ ಪಕ್ಕಕ್ಕೆ ಬಂದು, "ಆ ಬೀಗ ತೆಗೆಸಿದ್ದು ಒಳ್ಳೇದಾಯ್ತು ಕಣಪ್ಪಾ" ಎಂದಷ್ಟೇ ಹೇಳಿ ಹೋದರು.

ಫಿಟ್ಟರ್ ಮಾತ್ರ ಮಾತು ಬಿಟ್ಟಿದ್ದ. ಅವನಿಗೆ ಅವನ ಕೆಲಸ ಅಂದೇ ಮರಳಿ ಸಿಕ್ಕಿತ್ತು. ಇವರು ಎಲ್ಲರೆದುರಿಗೆ ಕ್ಷಮೆ ಕೇಳಿದ್ದರು. ಅವನು ತಲೆಯಾಡಿಸಿ, ಹಗ್ಗಕ್ಕೆ ಜಿಡ್ಡು ಹಚ್ಚುವುದನ್ನು ಮುಂದುವರಿಸಿದ್ದ. ಅವನ ಜಾಗದಲ್ಲಿ ತಾವಿದ್ದರೂ ಅಷ್ಟೇ ಎಂದು ಮೇಲಿನವರಿಗೆ ಗೊತ್ತಿತ್ತು, ಆದ್ದರಿಂದ ಒತ್ತಾಯಿಸಲಿಲ್ಲ.

ಆ ವಾರದ ಕೊನೆಗೆ ದೊಡ್ಡ ಎರಕವೊಂದಿತ್ತು. ಅಕ್ಕ ಏಣಿ ಹತ್ತಿ ಗೂಡಿನಲ್ಲಿ ಕುಳಿತಳು. ಮೇಲಿನವರು ಮನೆಗೆ ಹೊರಡಬಹುದಾಗಿತ್ತು, ಹೊರಡಲಿಲ್ಲ. ಕಂಬವೊಂದರ ಪಕ್ಕದಲ್ಲಿ ನಿಂತರು. ಅಷ್ಟು ವರ್ಷಗಳಲ್ಲಿ ಅವರು ಕಬ್ಬಿಣ ಹೊಯ್ಯುವುದನ್ನು ನೆಲದ ಮೇಲೆ ನಿಂತು ನೋಡಿದ್ದೇ ಇಲ್ಲ. ಮೇಲಿನಿಂದ ಅದು ತೊಟ್ಟಿಯೊಳಗಿನ ಒಂದು ಹೊಳೆಯುವ ಬಿಲ್ಲೆಯಂತೆ ಕಾಣುತ್ತಿತ್ತು. ಇಲ್ಲಿ ತೊಟ್ಟಿ ಬಾಗಿದೊಡನೆ ಕೆಂಪು ಧಾರೆ ಕಣ್ಣೆದುರಿಗೇ ಇಳಿಯಿತು. ಸುತ್ತ ನಿಂತವರ ಮುಖಗಳೆಲ್ಲ ಒಮ್ಮೆಲೇ ಬೆಳಗಿದವು. ಅಕ್ಕನ ಕೈಯೂ ನಡುಗಲಿಲ್ಲ. ತೊಟ್ಟಿ ತುಳುಕದೆ ಎರಡನೆಯ ಅಚ್ಚಿಗೆ ಸಾಗಿತು.

"ಕೆಳಗಿನಿಂದ ಹೀಗೆ ಕಾಣುತ್ತಾ?" ಎಂದರು, ಯಾರಿಗೆ ಎಂದಿಲ್ಲದೆ.

ಪಕ್ಕದಲ್ಲಿ ಬಂದು ನಿಂತಿದ್ದವನು ಫಿಟ್ಟರ್.

"ಹೀಗೇ ಕಾಣುತ್ತೆ ಅಣ್ಣ" ಎಂದು ಅವನು ಅವರ ತೋಳು ಹಿಡಿದು ಹಿಂದಕ್ಕೆಳೆದ. "ಸ್ವಲ್ಪ ಈ ಕಡೆ ಬನ್ನಿ, ಕಿಡಿ ಹಾರುತ್ತೆ."