ಗುರಪ್ಪನವರ ಪಾಲಿನ ಸಾಲು

ಸತ್ತವರ ದನಿ ಕೇಳಿತು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಗಾಳಿ, ಭಾನಾಮತಿ ಎಂದು ಬಂದವರಿಗೆ ಪಾಠ ಹೇಳಿಯೇ ಕಳಿಸಿದವನು. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಹಾಡುಗಾರರ ಬಗ್ಗೆ ಒಂದು ಪಾಡ್‌ಕಾಸ್ಟ್ ಶುರುಮಾಡಿದ್ದೆ. ಮೊದಮೊದಲು ಮೊಬೈಲಿನಲ್ಲೇ ರೆಕಾರ್ಡ್ ಮಾಡುತ್ತಿದ್ದೆ. ಅದಕ್ಕೆ ಜಾಣತನ ಹೆಚ್ಚು. ಮೆಲುದನಿಯನ್ನೆಲ್ಲ ಗದ್ದಲವೆಂದು ತಿಳಿದು ಅಳಿಸಿಬಿಡುತ್ತಿತ್ತು. ಕೊನೆಗೆ ಕಿಸೆಯಲ್ಲಿ ಹಿಡಿಸುವಂಥ ರೆಕಾರ್ಡರ್ ಕೊಳ್ಳಲು ಹೊರಟೆ. ನನ್ನ ಕೈಗೆ ಎರಡು ಬಂದವು. ಒಂದು, ಮದುವೆ ವಿಡಿಯೋ ತೆಗೆಯುವ ಗೆಳೆಯ ನೋಡಲು ಕೊಟ್ಟ ಹಳೆಯದು. ಪೆನ್ಸಿಲ್ ಸೆಲ್ ಹಾಕುವಂಥದು, ಗಟ್ಟಿಮುಟ್ಟು, ಆದರೆ ಹಿಂದೆ ಸುಂಯ್ ಎನ್ನುತ್ತಿತ್ತು. ಇನ್ನೊಂದು ಆನ್‌ಲೈನಿನಲ್ಲಿ ತರಿಸಿದ ಹೊಸದು. ಹತ್ತು ದಿನದೊಳಗೆ ವಾಪಸು ಮಾಡಬಹುದಿತ್ತು. ಯಾವುದನ್ನು ಇಟ್ಟುಕೊಳ್ಳಬೇಕೆಂದು ತಿಳಿಯಲು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಸಿಂದಗಿಯ ಬಸ್ಸು ಹತ್ತಿ, ಅಲ್ಲಿಂದ ಟೆಂಪೊದಲ್ಲಿ ಮೌಲಾಸಾಬ ಕಾಕಾರ ಹಳ್ಳಿಗೆ ಹೋದೆ.

ಕಾಕಾ ಮೊಹರಂನಲ್ಲಿ ರಿವಾಯತ್ ಪದ ಹಾಡುವವರು. ನಲವತ್ತು ವರ್ಷ ಅವರಿಗೆ ಜೋಡಿಯಾಗಿ ಹಾಡಿದವರು ಅದೇ ಓಣಿಯ ಗುರಪ್ಪನವರು. ಮೊದಲ ಸಾಲು ಕಾಕಾರದು, ಅದಕ್ಕೆ ಉತ್ತರದ ಸಾಲು ಗುರಪ್ಪನವರದು. ಅವರ ಉಸ್ತಾದರು ಇಬ್ಬರಿಗೂ ಅವರವರ ಪಾಲನ್ನಷ್ಟೇ ಕಲಿಸಿದ್ದರು. ಜೋಡಿಯವನ ಸಾಲಿಗೆ ಬಾಯಿ ಹಾಕುವುದು ಬೇಅದಬಿ, ಅಂದರೆ ಅಗೌರವ, ಎಂದು ಗುನುಗಲೂ ಬಿಟ್ಟಿರಲಿಲ್ಲ. ಯಾರೂ ಬರೆದಿಟ್ಟಿರಲಿಲ್ಲ. ಗುರಪ್ಪನವರು ತೀರಿಕೊಂಡು ಎರಡು ವರ್ಷವಾಗಿತ್ತು, ಅರ್ಧ ಪದ ಅವರ ಜೊತೆಗೇ ಹೋಗಿತ್ತು. ಉಳಿದರ್ಧವೂ ಹೋಗುವುದರಲ್ಲಿತ್ತು. ಮರುತಿಂಗಳು ಕಾಕಾರ ಗಂಟಲಿಗೆ ಆಪರೇಷನ್. ಆಮೇಲೆ ದನಿ ಬರುತ್ತದೆಂಬ ಭರವಸೆಯನ್ನು ಡಾಕ್ಟರು ಕೊಟ್ಟಿರಲಿಲ್ಲ.

ನಲವತ್ತು ವರ್ಷ ಪಕ್ಕದಲ್ಲೇ ಕೇಳಿದ್ದೀರಲ್ಲ, ಒಂದು ಸಾಲೂ ನೆನಪಿಲ್ಲವೇ ಎಂದು ಕೇಳಿದೆ.

"ಆಂವಾ ಹಾಡೂವಾಗ ನಾ ಉಸರ ತೊಗೊತಿದ್ನಿರಿ ಮಾಸ್ತರ. ನನಗ ನನ್ನ ಮುಂದಿನ ಸಾಲಿಂದ ಚಿಂತಿ. ಕಿವಿಗೊಟ್ಟ ಕೇಳ್ದಾಂವ ಯಾವ?" ಎಂದರು.

ಹಾಡುಹಗಲು, ಊಟದ ಹೊತ್ತು ಮೀರಿತ್ತು. ಮನೆಯವರು ಹೊಲಕ್ಕೆ ಹೋಗಿದ್ದರು. ಹೊರಸಿನ ಮೇಲೆ ಎರಡೂ ರೆಕಾರ್ಡರನ್ನು ಅಕ್ಕಪಕ್ಕ ಇಟ್ಟು ಒಟ್ಟಿಗೇ ಚಾಲು ಮಾಡಿದೆ. ಕಾಕಾ ಹಾಡಿದರು. ಗುರಪ್ಪನವರಿಗೆ ಬಿಡುತ್ತಿದ್ದ ಹಾಗೆಯೇ ಪ್ರತಿ ಸಾಲಿನ ನಂತರ ಜಾಗ ಬಿಟ್ಟರು. ಆಗ ಅವರ ಬಾಯಿ ಮುಚ್ಚಿತ್ತು. ನಾನು ಅವರ ಮುಖವನ್ನೇ ನೋಡುತ್ತ ಕೂತಿದ್ದೆ.

ಮೊದಲು ಹಳೆಯದನ್ನು ಕೇಳಿದೆ. ಕಾಕಾರ ಸಾಲು, ಸುಂಯ್ ಸದ್ದು, ಎಲ್ಲೋ ಒಂದು ಗುಬ್ಬಿ, ಮತ್ತೆ ಕಾಕಾರ ಸಾಲು. ಆಮೇಲೆ ಹೊಸದಕ್ಕೆ ಹೆಡ್‌ಫೋನ್ ಚುಚ್ಚಿದೆ. ಕಾಕಾರ ಸಾಲು ಮುಗಿದ ಕೂಡಲೇ ಇನ್ನೊಂದು ದನಿ ಎತ್ತಿಕೊಂಡಿತು. ಮೂಗಿನಿಂದ ಬರುವ, ತುಸು ಒಡಕು ದನಿ. ಹೊರಸಿನ ಆ ಬದಿಗೆ ಕೂತು ಹಾಡಿದಷ್ಟು ಹತ್ತಿರ. ಹಿಂದಿನ ರೆಕಾರ್ಡಿಂಗ್ ಉಳಿದಿರಬೇಕು ಎನ್ನುತ್ತೀರಿ. ಹಳೆಯದರಲ್ಲಿ ಕೇಳಿಸಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಇದು ಹೊಸದು, ಅದರ ಕಾರ್ಡನ್ನು ಅಂದೇ ಬೆಳಿಗ್ಗೆ ಪ್ಯಾಕೆಟ್ಟಿನಿಂದ ತೆಗೆದಿದ್ದೆ.

ಏನೂ ಹೇಳದೆ ಹೆಡ್‌ಫೋನನ್ನು ಕಾಕಾರ ಕಿವಿಗೆ ಹಾಕಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಬೆಚ್ಚಲಿಲ್ಲ, ಅಳಲಿಲ್ಲ. ಮೂರನೆಯ ನುಡಿಗೆ ಮಾತ್ರ ಹುಬ್ಬು ಗಂಟಿಕ್ಕಿದರು.

"ಇನ್ನೂ ತಪ್ಪ ಹಾಡ್ತಾನ ನೋಡ್ರಿ. ಹೊಳಿ ಅನ್ನೂದು ಬಿಟ್ಟು ಕೆರಿ ಅಂತಾನ. ಉಸ್ತಾದ್ರು ಎಷ್ಟ ಬೈದ್ರೂ ತಿದ್ದಕೊಳ್ಳಲಿಲ್ಲ."

ಮತ್ತೆ ಹಾಕಿ ಕೇಳಿದೆ. ಹೌದು, ಕೆರಿ ಎಂದೇ ಇತ್ತು. ಆ ತಪ್ಪಿನ ಸಂಗತಿ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಕಾಕಾರಿಂದ ಇನ್ನೂ ಮೂರು ಸಲ ಹಾಡಿಸಿದೆ. ಆ ದನಿ ಮತ್ತೆ ಬರಲಿಲ್ಲ. ಊರಿಗೆ ಬಂದು ವಿಡಿಯೋ ಗೆಳೆಯನಿಗೆ ಕೇಳಿಸಿದಾಗ, "ಆ ಮುದುಕಾನ ಗುನುಗಿರ್ತಾನ ಬಿಡೊ" ಎಂದ. ಹಾಗಾದರೆ ಪಕ್ಕದಲ್ಲೇ ಇದ್ದ ಹಳೆಯದರಲ್ಲಿ ಏಕಿಲ್ಲ ಎಂದು ಕೇಳಿದೆ. ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟ.

ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಹೊಸ ರೆಕಾರ್ಡರನ್ನು ವಾಪಸು ಕಳಿಸಿದೆ. ಕಾರಣ ಕೇಳಿದ ಕಡೆ, ಬ್ಯಾಟರಿ ಬಾಳುವುದಿಲ್ಲ ಎಂದು ಬರೆದೆ. ನಿಜವೆಂದರೆ ಅಂಜಿದ್ದೆ. ಸುಂಯ್ ಎನ್ನುವ ಹಳೆಯದೇ ಇವತ್ತಿಗೂ ನನ್ನ ಬಳಿ ಇದೆ.

ಆಪರೇಷನ್ನಿನಲ್ಲಿ ಕಾಕಾ ಉಳಿದರು, ದನಿ ಉಳಿಯಲಿಲ್ಲ. ಆ ಪದ ಈಗ ಪೂರ್ತಿಯಾಗಿ ಇರುವುದು ಆ ಒಂದು ಫೈಲಿನಲ್ಲಿ ಮಾತ್ರ. ಪಾಡ್‌ಕಾಸ್ಟಿನ ಕಂತು ಸಿದ್ಧಮಾಡಿದಾಗ ಕೊನೆಗೆ ಹಾಡಿದವರ ಹೆಸರು ಹೇಳಬೇಕಿತ್ತು. ಯಾರ ಹೆಸರು ಹೇಳಲಿ ಎಂದು ಕಾಕಾರನ್ನೇ ಹೋಗಿ ಕೇಳಿದೆ. ಅವರು ಎರಡು ಬೆರಳು ಎತ್ತಿ ತೋರಿಸಿದರು. ನಾನು ಎರಡು ಹೆಸರು ಹೇಳಿದೆ. ಕೇಳುಗರಿಗೆ ನಾನು ಹೇಳಿದ್ದು ಸುಳ್ಳೋ ನಿಜವೋ, ನನಗೆ ಇನ್ನೂ ಗೊತ್ತಿಲ್ಲ.