ಮಾಲೀಕರ ಮಸಿಚಿತ್ರ

ಆ ಬೀದಿಯಲ್ಲಿ ಉಳಿದವರೆಲ್ಲ ಕಿಟಕಿ ಒರೆಸಿ ಬಯ್ದುಕೊಳ್ಳುತ್ತಿದ್ದರೆ, ಮಸಿ ಟೀಚರ್ ಕಿಟಕಿ ಒರೆಸಿ ಡಬ್ಬಿ ತುಂಬಿಕೊಳ್ಳುತ್ತಿದ್ದರು.

ಕಾರ್ಖಾನೆಯವರ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಡ್ರಾಯಿಂಗ್ ಹೇಳಿಕೊಡುವವರು ಅವರು. ಕಾರ್ಖಾನೆಯ ಚಿಮ್ನಿ ಕಲ್ಲಿದ್ದಲಿನ ಹೊಗೆ ಉಗುಳುತ್ತಿತ್ತು, ಹೊಗೆ ಮಸಿಯಾಗಿ ಬಂದು ಮನೆಮನೆಯ ಕಿಟಕಿ ಕಟ್ಟೆಯ ಮೇಲೆ ಕೂರುತ್ತಿತ್ತು. ಟೀಚರ್ ಅದನ್ನು ಹಳೇ ಶೇವಿಂಗ್ ಬ್ರಷ್ಷಿನಲ್ಲಿ ಗುಡಿಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಗೋಂದಿನ ನೀರು ಬೆರೆಸಿ ಗಾಜಿನ ಹಲಗೆಯ ಮೇಲೆ ಅರೆಯುತ್ತಿದ್ದರು. ನಮ್ಮ ಭಾಷೆಯ ಅನುಕೂಲ ನೋಡಿ: ಹೊಗೆ ಬಿಟ್ಟುಹೋಗುವುದೂ ಮಸಿ, ಬರೆಯುವುದೂ ಮಸಿ. ನಡುವೆ ಬೇಕಾದದ್ದು ಒಂದಿಷ್ಟು ಅಂಟು, ಒಂದಿಷ್ಟು ಹಟ. ಟೀಚರ್ ಹತ್ತಿರ ಎರಡಕ್ಕೂ ಬರವಿರಲಿಲ್ಲ.

ಯಾವ ಮನೆಯ ಮಸಿಯೋ ಆ ಮನೆಯ ಕಿಟಕಿಯ ಚಿತ್ರ. ಕೆಳಗೊಂದು ಚೀಟಿ: ಯಾವ ಮನೆ, ಯಾವ ತಿಂಗಳು, ಸೀಸೆ ತುಂಬಲು ಎಷ್ಟು ದಿನ. ಒಂಬತ್ತು ವರ್ಷದ ಹಿಂದೆ ಶುರುಮಾಡಿದಾಗ ಒಂದು ತಿಂಗಳು ಹಿಡಿಯುತ್ತಿತ್ತು. ಈಗ ಹನ್ನೊಂದು ದಿನ ಸಾಕು.

"ಎಲ್ಲರ ಮನೇಲಿ ಸೊಸೆ ಚಟ್ನಿ ಅರೀತಾಳೆ, ನಮ್ಮನೇಲಿ ಮಸಿ ಅರೀತಾಳೆ," ಎಂದು ಅತ್ತೆ ಕೆಮ್ಮುತ್ತಲೇ ಗೊಣಗುತ್ತಿದ್ದರು.

"ಇದು ಕಲೆ ಅತ್ತೆ."

"ಕಲೆ ಅಂತ ಗೊತ್ತಮ್ಮ. ಸೋಫಾ ಮೇಲೂ ಆಗಿದೆ."

ಗಂಡ ತೀರಿಕೊಂಡ ಮೇಲೆ ಅತ್ತೆ-ಸೊಸೆ ಇಬ್ಬರ ಮನೆ ನಡೆಯುತ್ತಿದ್ದದ್ದು ಟೀಚರ್ ಸಂಬಳದಲ್ಲೇ. ಆದರೂ ಅವರು ಸುಮ್ಮನಿರುವ ಜಾತಿಯಲ್ಲ. ಬೇಸಿಗೆಯಲ್ಲಿ ಒಮ್ಮೆ ಶಾಲೆಯ ಅಂಗಳದಲ್ಲಿ ಎರಡು ಐಸ್ ಗಡ್ಡೆ ಇಟ್ಟು, ಒಂದರ ಮೇಲೆ ಚಿಟಿಕೆ ಮಸಿ ಉದುರಿಸಿದರು. ಮಸಿ ಮೆತ್ತಿದ್ದು ಮೊದಲು ಕರಗಿ ನೀರಾಯಿತು. "ಇಲ್ಲಿ ಹಾರಿದ್ದು ಎಲ್ಲೋ ಬೆಟ್ಟದ ಹಿಮದ ಮೇಲೆ ಹೋಗಿ ಕೂರುತ್ತೆ. ಹಿಮಕ್ಕೆ ಕರೀ ಕೋಟು ತೊಡಿಸಿ ಬಿಸಿಲಿಗೆ ನಿಲ್ಲಿಸಿದ ಹಾಗೆ," ಎಂದರು ತರಗತಿಗೆ. ಡ್ರಾಯಿಂಗ್ ಟೀಚರ್ ಡ್ರಾಯಿಂಗ್ ಮಾಡಿಕೊಂಡಿದ್ದರೆ ಸಾಕು ಎಂದು ಕಾರ್ಖಾನೆಯ ಆಫೀಸಿನಿಂದ ಫೋನ್ ಬಂತು.

ಮಾಡಿಕೊಂಡಿದ್ದರು. ಅಷ್ಟರಲ್ಲಿ ಕಾರ್ಖಾನೆಗೆ ಐವತ್ತು ತುಂಬಿತು. ಅದನ್ನು 'ಹಸಿರು ವರ್ಷ' ಎಂದು ಸಾರಿ, ಪ್ರದರ್ಶನ ಏರ್ಪಡಿಸಿ, ಮ್ಯಾನೇಜರ್ ಖುದ್ದಾಗಿ ಡ್ರಾಯಿಂಗ್ ರೂಮಿಗೆ ಬಂದರು.

"ಮೇಡಂ, ಮಾಲೀಕರದ್ದೊಂದು ದೊಡ್ಡ ಚಿತ್ರ ಬೇಕು. ಕಲರ್ ಬೇಡ, ಮಸಿಯಲ್ಲಿ ಬರೀರಿ. ಗಾಂಭೀರ್ಯ ಇರುತ್ತೆ."

"ಮಸಿಯಲ್ಲೇನಾ ಸಾರ್?"

"ಮಸಿಯಲ್ಲೇ. ಬೇಕಾದ್ರೆ ಆರ್ಡರ್ ಲೆಟರಲ್ಲೂ ಹಾಕಿಸ್ತೀನಿ."

ಹಾಕಿಸಿದರು ಕೂಡ.

ಚಿತ್ರ ಸೊಗಸಾಗಿ ಬಂತು. ಉದ್ಘಾಟನೆಯ ಹಿಂದಿನ ಮಧ್ಯಾಹ್ನ ಅದು ಶಾಲೆಯ ಸಭಾಂಗಣದ ಗೋಡೆ ಏರಿತು. ಮ್ಯಾನೇಜರ್ ಕೈ ಕಟ್ಟಿಕೊಂಡು ನಿಂತು ಮೆಚ್ಚಿದರು. ಆಮೇಲೆ ಬಗ್ಗಿ ಚೀಟಿ ಓದಿದರು. 'ಮಾಧ್ಯಮ: ಮಸಿ. ಮೂಲ: ಈ ಕಾರ್ಖಾನೆಯ ಚಿಮ್ನಿ. ಸಂಗ್ರಹ: ಶಾಲೆಯ ಕಿಟಕಿ, ಹನ್ನೊಂದು ದಿನ.'

"ಏನ್ ಮೇಡಂ ಇದು! ಮಾಲೀಕರ ಮುಖಕ್ಕೆ ಮಸಿ ಬಳಿದುಬಿಟ್ರಲ್ಲ!"

"ಬಳಿದಿಲ್ಲ ಸಾರ್, ಬರೆದಿದ್ದೀನಿ. ಲೆಟರ್ ತೋರಿಸ್ಲಾ?"

"ಅಂಗಡಿ ಮಸಿ ಅಂದ್ಕೊಂಡಿದ್ದೆ ನಾನು!"

"ಮನೆಬಾಗಿಲಿಗೇ ತಂದು ಹಾಕ್ತಿರೋವಾಗ ಅಂಗಡಿಗೆ ಯಾಕೆ ಹೋಗ್ಲಿ?"

ಮ್ಯಾನೇಜರ್ ದನಿ ತಗ್ಗಿಸಿದರು. "ಚಿತ್ರ ಇರ್ಲಿ, ಚೀಟಿ ಕಿತ್ತುಬಿಡಿ. ಇಲ್ಲಾಂದ್ರೆ ಜೂನ್‌ನಿಂದ ಬೇರೆ ಕೆಲಸ ನೋಡ್ಕೊಳ್ಳಿ. ಯೋಚನೆ ಮಾಡಿ."

ಟೀಚರ್ ವರಾಂಡಕ್ಕೆ ಹೋದರು. ಮನೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದರು. "ಕೆಲಸ ಹೋಗುತ್ತೆ ಅತ್ತೆ."

ಆ ಕಡೆ ಒಂದು ಸುತ್ತು ಕೆಮ್ಮು ಮುಗಿಯಿತು. "ಚೀಟೀಲಿ ಸುಳ್ಳೇನಾದ್ರೂ ಬರೆದಿದ್ಯಾ?"

"ಇಲ್ಲ."

"ಮತ್ತೆ ನನ್ನನ್ನೇನು ಕೇಳ್ತೀಯ? ಬರ್ತಾ ಹಾಲು ತಗೊಂಡ್ಬಾ."

ಟೀಚರ್ ಒಳಗೆ ಬರುವಷ್ಟರಲ್ಲಿ ಮ್ಯಾನೇಜರೇ ಚೀಟಿಯನ್ನು ಉಗುರಲ್ಲಿ ಕೆರೆದು ಕಿತ್ತಿದ್ದರು. ಟೀಚರ್ ಚೀಲದಿಂದ ಸೀಸೆ, ಕುಂಚ ತೆಗೆದು, ಆ ಮೂರು ಸಾಲನ್ನು ಮಾಲೀಕರ ಕೋಟಿನ ಕೆಳಗಿದ್ದ ಬಿಳಿ ಜಾಗದಲ್ಲೇ, ದುಂಡಗೆ, ದಪ್ಪಗೆ ಬರೆದರು.

"ಈಗ ಕೀಳಿ ಸಾರ್. ಮಾಲೀಕರ ಸಮೇತ ಕೀಳಬೇಕಾಗುತ್ತೆ."

"ಜೂನ್ ಯಾಕೆ, ನಾಳೆಯಿಂದಲೇ ಬರ್ಬೇಡಿ!"

"ಆಯ್ತು. ಮುಖ ನಿಮ್ಮವರದು, ಮಸಿ ನಿಮ್ಮದು. ನಂದು ಬರೀ ಕೈ, ಅದನ್ನ ನಾನು ತಗೊಂಡು ಹೋಗ್ತೀನಿ."

ಮ್ಯಾನೇಜರ್ ನುಗ್ಗಿ ಬಂದು ಆ ಸಾಲುಗಳನ್ನು ಹೆಬ್ಬೆರಳಲ್ಲಿ ಒರೆಸಲು ಹೋದರು. ಹಸಿ ಮಸಿ. ಮೂರನೆಯ ಸಾಲಿನ ಪಕ್ಕದಲ್ಲಿ ಅವರ ಹೆಬ್ಬೆಟ್ಟು ಗೆರೆಗೆರೆಯಾಗಿ, ಸ್ಪಷ್ಟವಾಗಿ ಮೂಡಿತು.

ಟೀಚರ್ ಕುಂಚವನ್ನು ಅವರತ್ತ ಚಾಚಿದರು.

"ಒತ್ತಿದ್ದಂತೂ ಆಯ್ತು, ಪಕ್ಕದಲ್ಲಿ ಹೆಸರೂ ಬರೆದುಬಿಡಿ ಸಾರ್. ಮಸಿ ಇನ್ನೂ ಬೇಕಾದಷ್ಟಿದೆ."